ಗಟ್ಟಿ ಹಾಲು, ಹಗುರ ಹಾಲು

ನಮ್ಮ ಮನೆಯಲ್ಲಿ ಹಾಲಿನ ಗುಣ ಅಳೆಯಲು ಇದ್ದ ಮೊದಲ ಸಾಧನ ಅಜ್ಜಿಯ ಹೆಬ್ಬೆರಳಿನ ಉಗುರು. ವರ್ತನೆಯವನು ಪಾತ್ರೆಗೆ ಹಾಲು ಹೊಯ್ದ ಕೂಡಲೇ ಒಂದು ತೊಟ್ಟನ್ನು ಉಗುರಿನ ಮೇಲೆ ಬಿಟ್ಟುಕೊಂಡು ಮೆಲ್ಲನೆ ವಾಲಿಸುತ್ತಿದ್ದಳು. ತೊಟ್ಟು ಕಚ್ಚಿಕೊಂಡು ನಿಂತರೆ ಗಟ್ಟಿ ಹಾಲು. ಜಾರಿ ಇಳಿದರೆ ಅಂದಿನ ಬೆಳಗು ಇಬ್ಬರಿಗೂ ಕೆಟ್ಟಂತೆ. ಅವನು ಹಸುವಿನ ಮೇಲೆ ಆಣೆ ಇಡುವನು, ಅವಳು ಲೆಕ್ಕದ ಪುಸ್ತಕದಲ್ಲಿ ಅರ್ಧ ಪಾವು ಹೊಡೆದು ಹಾಕುವಳು. ಅದಕ್ಕೂ ಹಿಂದೆ ಹಸುವನ್ನೇ ಬಾಗಿಲಿಗೆ ಹೊಡೆದುಕೊಂಡು ಬಂದು ಕಣ್ಣೆದುರು ಕರೆದುಕೊಡುವ ಪದ್ಧತಿಯೂ ಇತ್ತಂತೆ. ಆಗಲೂ ಚೊಂಬಿನ ತಳದಲ್ಲಿ ಮೊದಲೇ ಒಂದು ಗುಟುಕು ನೀರು ಕೂತಿರುತ್ತಿತ್ತು ಎಂದು ಅಜ್ಜಿ ನಗುತ್ತಿದ್ದಳು.

ಉಗುರಿನ ಜಾಗಕ್ಕೆ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕೊಳವೆ ಬಂದು ಕರ್ನಾಟಕದ ಹಳ್ಳಿಗಳಲ್ಲಿ ಅರ್ಧ ಶತಮಾನವೇ ಆಯಿತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ರಾಜ್ಯದ ಹೈನು ಅಭಿವೃದ್ಧಿ ನಿಗಮ ಶುರುವಾಯಿತು. ಮುಂದೆ 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ಊರೂರಿಗೂ ಹಾಲು ಉತ್ಪಾದಕರ ಸಂಘ ಬಂತು. ಜನ ಅದನ್ನು ಡೈರಿ ಎಂದರು, ಲ್ಯಾಕ್ಟೋಮೀಟರಿನ ಅಂಕಿಯನ್ನು 'ಡಿಗ್ರಿ' ಎಂದರು. 'ನಿಮ್ಮ ಹಸು ಎಷ್ಟು ಡಿಗ್ರಿ ಕೊಡ್ತದೆ?' ಎಂದು ಕೇಳಿ ದನ ಕೊಳ್ಳುವ ಮಟ್ಟಿಗೆ ಆ ಪದ ಊರಿನ ನಾಲಿಗೆಯಲ್ಲಿ ಕೂತಿತು. ಆದರೆ ಆ ಡಿಗ್ರಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದರ ಬಗ್ಗೆ ಹಾಲು ಹಾಕುವವರಲ್ಲೂ ಕೊಳ್ಳುವವರಲ್ಲೂ ಇವತ್ತಿಗೂ ಸಾಕಷ್ಟು ತಪ್ಪು ಎಣಿಕೆ ಇದೆ.

ಗೊಂದಲ 'ಗಟ್ಟಿ' ಎಂಬ ಪದದಿಂದಲೇ ಶುರು. ಕೆನೆ ದಪ್ಪಗೆ ಕಟ್ಟುವ, ಕಾಫಿಗೆ ಬಣ್ಣ ಕೊಡುವ, ಹೆಪ್ಪು ಹಾಕಿದರೆ ಕೊಯ್ದು ಹಾಕುವಂಥ ಮೊಸರಾಗುವ ಹಾಲನ್ನು ನಾವು ಗಟ್ಟಿ ಹಾಲು ಎನ್ನುತ್ತೇವೆ. ಪಠ್ಯಪುಸ್ತಕದ 'ಸಾಂದ್ರತೆ' ಕೇಳುವುದು ಬೇರೆಯೇ ಪ್ರಶ್ನೆ: ಒಂದು ಲೀಟರ್ ತೂಗಿದರೆ ಎಷ್ಟು ಗ್ರಾಂ? ನೀರು ಸಾವಿರ ಗ್ರಾಂ ತೂಗಿದರೆ ಹಸುವಿನ ಹಾಲು ಸಾಮಾನ್ಯವಾಗಿ 1028ರಿಂದ 1032 ಗ್ರಾಂ ತೂಗುತ್ತದೆ. ಹಾಲಿನ ಕೊಬ್ಬು ನೀರಿಗಿಂತ ಹಗುರ, ಅದರ ಸಾಂದ್ರತೆ ಸುಮಾರು 0.93. ಕೊಬ್ಬನ್ನು ಬಿಟ್ಟು ಹಾಲಿನಲ್ಲಿ ಕರಗಿ ಬೆರೆತಿರುವ ಪ್ರೋಟೀನು, ಲ್ಯಾಕ್ಟೋಸ್ ಸಕ್ಕರೆ, ಲವಣಗಳಿಗೆ ಒಟ್ಟಾಗಿ ಎಸ್‌ಎನ್‌ಎಫ್ ಎಂದು ಹೆಸರು. ಅವು ಭಾರ, ಸುಮಾರು 1.6. ಕೊಬ್ಬು ಮೇಲಕ್ಕೆಳೆಯುತ್ತದೆ, ಎಸ್‌ಎನ್‌ಎಫ್ ಕೆಳಕ್ಕೆಳೆಯುತ್ತದೆ. ಈ ಎಳೆದಾಟ ಎಲ್ಲಿ ನಿಲ್ಲುತ್ತದೋ ಆ ಗೆರೆಯೇ ಡಿಗ್ರಿ. 1.030ರ ಕೊನೆಯ ಎರಡು ಅಂಕಿ ಎತ್ತಿಕೊಂಡು 30 ಡಿಗ್ರಿ ಎನ್ನುತ್ತೇವೆ, ಅಷ್ಟೆ. ಅಂದರೆ ಅಜ್ಜಿಯ ಗಟ್ಟಿ ಹಾಲು, ಕೆನೆ ತುಂಬಿದ ಹಾಲು, ಲ್ಯಾಕ್ಟೋಮೀಟರಿನ ಕಣ್ಣಿಗೆ ಹಗುರ ಹಾಲು.

ಇದನ್ನು ಲೆಕ್ಕದಲ್ಲೇ ನೋಡಬಹುದು. ನೂರು ಗ್ರಾಂ ಹಸುವಿನ ಹಾಲಿನಲ್ಲಿ 4 ಗ್ರಾಂ ಕೊಬ್ಬು, 8.5 ಗ್ರಾಂ ಎಸ್‌ಎನ್‌ಎಫ್ ಇದೆ ಎಂದುಕೊಳ್ಳಿ. ಒಂದೊಂದೂ ಹಿಡಿಯುವ ಜಾಗವನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿ ಕೂಡಿಸಿದರೆ ಸಾಂದ್ರತೆ 1.030 ಬರುತ್ತದೆ. ಎಮ್ಮೆ ಹಾಲಿಗೆ 7 ಗ್ರಾಂ ಕೊಬ್ಬು, 9 ಗ್ರಾಂ ಎಸ್‌ಎನ್‌ಎಫ್ ಹಾಕಿ ಅದೇ ಲೆಕ್ಕ ಮಾಡಿದರೆ 1.0296. ಒಂದು ಹಾಲಿನಲ್ಲಿ ಇನ್ನೊಂದರ ಹತ್ತಿರ ಹತ್ತಿರ ಎರಡರಷ್ಟು ಬೆಣ್ಣೆ. ಸಂತೆಯಲ್ಲಿ ಬೆಲೆಯೂ ಬೇರೆ, ನಾಲಿಗೆಗೆ ರುಚಿಯೂ ಬೇರೆ. ಕೊಳವೆಗೆ ಮಾತ್ರ ಎರಡೂ ಒಂದೇ. ಈ ಒಂದು ಲೆಕ್ಕ ಮನಸ್ಸಿಗೆ ಹತ್ತಿದರೆ ಮುಂದಿನ ಅರ್ಧ ಕಥೆ ತಾನಾಗಿಯೇ ತಿಳಿಯುತ್ತದೆ.

ಕೊಳವೆ ಕಂಡುಹಿಡಿದವರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. 19ನೇ ಶತಮಾನದಲ್ಲಿ ಪ್ಯಾರಿಸಿನಲ್ಲಿದ್ದ ಔಷಧಿಕಾರ ಕೆವೆನ್ ತನ್ನ ಹೆಸರಿನಲ್ಲೇ ಉಳಿದುಬಂದ ಮಾಪಕ ಮಾಡಿದಾಗ ಅದರ ಕುತ್ತಿಗೆಯಲ್ಲಿ ಎರಡು ಪಟ್ಟಿ ಇಟ್ಟಿದ್ದ: ಒಂದು ಕೆನೆ ತೆಗೆಯದ ಹಾಲಿಗೆ, ಇನ್ನೊಂದು ಕೆನೆ ತೆಗೆದ ಹಾಲಿಗೆ. ಎದುರಿಗಿರುವುದು ಯಾವ ಹಾಲು ಎಂದು ಮೊದಲೇ ಗೊತ್ತಿದ್ದರೆ ಮಾತ್ರ ಮಾಪಕ ಉಪಯೋಗಕ್ಕೆ ಬರುತ್ತದೆ ಎಂದು ಅದನ್ನು ಮಾಡಿದವನೇ ಗಾಜಿನ ಮೇಲೆ ಬರೆದಿಟ್ಟಂತೆ. ನಮ್ಮಲ್ಲಿ ನೂರಿನ್ನೂರು ರೂಪಾಯಿಗೆ ಸಿಗುವ ಮನೆಬಳಕೆಯ ಕೊಳವೆಯಲ್ಲಿ ಆ ಎರಡನೆಯ ಪಟ್ಟಿ ಇರುವುದಿಲ್ಲ. ಮೇಲೆ ನೀರಿನ 'ಡಬ್ಲ್ಯು', ಕೆಳಗೆ ಹಾಲಿನ 'ಎಂ', ನಡುವೆ ಮೂರು ಗೆರೆ. ಪ್ರಪಂಚದ ಹಾಲೆಲ್ಲ ಆ ಎರಡು ಅಕ್ಷರಗಳ ಮಧ್ಯೆ!

ಈಗ ಡೈರಿಯ ಕಟ್ಟೆಗೆ ಬನ್ನಿ. ಹದಿನೈದು ವರ್ಷದ ಹಿಂದಿನ ಏಪ್ರಿಲ್, ಮಂಡ್ಯ ಸೀಮೆಯ ಒಂದು ಊರು, ಬೆಳಗಿನ ಆರೂವರೆ. ಕ್ಯಾನುಗಳ ಸಾಲು, ಟಾರ್ಚು, ನೊಣ. ಟೆಸ್ಟರ್ ಹುಡುಗ ಸ್ಟೀಲಿನ ಉದ್ದ ಜಾರಿಗೆ ಅಂಚಿನವರೆಗೆ ಹಾಲು ತುಂಬಿ ಕೊಳವೆಯನ್ನು ಇಳಿಬಿಡುತ್ತಾನೆ. ಬುಂಡೆಯಂಥ ಅದರ ತಳದಲ್ಲಿ ಸೀಸದ ಗುಂಡುಗಳು, ಮೇಲೆ ಕಡ್ಡಿಯಷ್ಟು ತೆಳ್ಳನೆಯ ಕುತ್ತಿಗೆ. ಎರಡು ಸಲ ಕುಣಿದು ನಿಲ್ಲುತ್ತದೆ. ಹಾಲು ಸ್ವಲ್ಪ ಚೆಲ್ಲಲೇಬೇಕು, ಇಲ್ಲದಿದ್ದರೆ ಜಾರಿನ ಅಂಚು ಗೆರೆಯನ್ನು ಮರೆ ಮಾಡುತ್ತದೆ. ನೀರಾಗಿದ್ದರೆ ಒಳಗಿನಿಂದ ನೋಡಬಹುದು. ಹಾಲು ಬೆಳ್ಳಗೆ ಮರೆ. ಹಾಗಾಗಿ ಹಾಲು ಕುತ್ತಿಗೆಯನ್ನು ಹತ್ತಿ ನಿಂತ ಮೇಲಂಚನ್ನೇ ಓದಬೇಕು. ನೊರೆಯಿದ್ದರೆ, ಕೊಳವೆ ಜಾರಿನ ಗೋಡೆಗೆ ಒರಗಿದ್ದರೆ, ಹಿಂದಿನವರ ಹಾಲಿನ ಪಸೆ ಕುತ್ತಿಗೆಗೆ ಅಂಟಿದ್ದರೆ ಅರ್ಧ ಡಿಗ್ರಿ ಹೋಯಿತೆಂದೇ ಲೆಕ್ಕ.

ಅವತ್ತು ನಮ್ಮ ಚಿಕ್ಕವ್ವನ ಸರದಿ.

'ಅಕ್ಕೋ, ಡಿಗ್ರಿ ಬತ್ತಾ ಇಲ್ಲ. ಇಪ್ಪತ್ತೇಳಕ್ಕೇ ನಿಂತ್ಕತು.'

'ಏನ್ಲಾ ಹಂಗಂದ್ರೆ? ಈಗ್ತಾನೆ ಕರ್ದು ಬಿಸಿಬಿಸಿಯಾಗೇ ತಂದಿವ್ನಿ. ನೀರು ಹುಯ್ಯಕ್ಕೆ ನಂಗೇನ್ ಬಂದದೆ?'

ಸಾಲಿನಲ್ಲಿದ್ದವರು ಬೇರೆ ಕಡೆ ನೋಡಿದರು. ನೀರು ಎಂಬ ಪದವನ್ನು ಹುಡುಗ ಆಡಿರಲಿಲ್ಲ. ಆಡಬೇಕಾಗಿಯೂ ಇಲ್ಲ, ಡೈರಿಯ ಕಟ್ಟೆಯಲ್ಲಿ ಡಿಗ್ರಿ ಕಮ್ಮಿ ಎಂದರೆ ಅದೇ ಅರ್ಥ.

ಉತ್ತರ ಚಿಕ್ಕವ್ವನ ಮಾತಿನಲ್ಲೇ ಇತ್ತು: ಬಿಸಿಬಿಸಿಯಾಗೇ. ನಮ್ಮ ದೇಶದ ಮಾಪಕಗಳನ್ನು ಸಾಮಾನ್ಯವಾಗಿ 27 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿ ಗೆರೆ ಹಾಕಿರುತ್ತಾರೆ; ಹಳೆಯವು ಕೆಲವು 84 ಫ್ಯಾರನ್‌ಹೀಟಿನವು, ಕೆವೆನ್ ಮಾದರಿಯವು 60 ಫ್ಯಾರನ್‌ಹೀಟಿನವು. ಹಾಲು ಬಿಸಿಯಾದಷ್ಟೂ ಹಿಗ್ಗುತ್ತದೆ, ಹಿಗ್ಗಿದರೆ ಹಗುರಾಗುತ್ತದೆ, ಕೊಳವೆ ಇನ್ನಷ್ಟು ಮುಳುಗುತ್ತದೆ. 27ರ ಮೇಲೆ ಪ್ರತಿ ಒಂದು ಸೆಲ್ಸಿಯಸ್‌ಗೆ 0.2 ಕೂಡಿಸಬೇಕು, ಕೆಳಗಾದರೆ ಕಳೆಯಬೇಕು. ಹೀಗೆ ತಿದ್ದಿದ ಅಂಕಿಗೆ ಸಿಎಲ್‌ಆರ್ ಎನ್ನುತ್ತಾರೆ. ಕೆಚ್ಚಲಿನಿಂದ ನೇರ ಬಂದ ಹಾಲು ಕಟ್ಟೆ ಮುಟ್ಟುವಾಗ 34 ಸೆಲ್ಸಿಯಸ್ ಇದ್ದರೆ ಏಳು ಡಿಗ್ರಿ ಹೆಚ್ಚು, 27ಕ್ಕೆ 1.4 ಕೂಡಿಸಿದರೆ 28.4.

ಒಂದೂ ಕಾಲು, ಒಂದೂವರೆ ಡಿಗ್ರಿ ಏನು ಮಹಾ ಎನ್ನಬೇಡಿ. 28.4ರ ಹಾಲನ್ನು 27ಕ್ಕೆ ಇಳಿಸಬೇಕಾದರೆ ನೂರು ಲೀಟರಿನಲ್ಲಿ ಐದು ಲೀಟರ್ ನೀರಿರಬೇಕು. ಅಂದರೆ ಥರ್ಮಾಮೀಟರ್ ಅದ್ದದೆ ಹೋದದ್ದಕ್ಕೆ ಚಿಕ್ಕವ್ವ ಊರಿನ ಮುಂದೆ ಶೇಕಡಾ ಐದು ನೀರು ಹುಯ್ದವಳಾದಳು. ಅವಳ ಪಕ್ಕದಲ್ಲೇ ನಿಂತಿದ್ದ ಇನ್ನೊಬ್ಬರು ಹಾಲು ಕರೆದು ಒಂದು ಗಂಟೆ ಬಿಟ್ಟು ಬಂದವರು. ಆರಿದ ಹಾಲು, ಒಳ್ಳೆ ಡಿಗ್ರಿ! ಜೊತೆಗೆ ಇನ್ನೊಂದು ಸೂಕ್ಷ್ಮವೂ ಇದೆ. ಕರೆದ ಹಾಲಿನ ಸಾಂದ್ರತೆ ಕೆಲವು ಗಂಟೆಗಳವರೆಗೆ ತಾನಾಗಿಯೇ ಒಂಚೂರು ಏರುತ್ತ ಹೋಗುತ್ತದೆ. ಗಾಳಿಯ ಗುಳ್ಳೆಗಳು ಹೊರಬೀಳುತ್ತವೆ, ಕೊಬ್ಬು ತಣಿದು ಗಟ್ಟಿಯಾಗುತ್ತದೆ. 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ ರೆಕ್‌ನಾಗೆಲ್ ಎಂಬಾತನ ಹೆಸರಿನಲ್ಲೇ ಅದು ಪುಸ್ತಕಗಳಲ್ಲಿದೆ. ಉಷ್ಣಾಂಶ ಸರಿಪಡಿಸಿದರೂ ಈ ಏರಿಕೆ ಕೈಗೆ ಸಿಗುವುದಿಲ್ಲ. ಹಾಲು ಸ್ವಲ್ಪ ಹೊತ್ತು ಕೂರಬೇಕು. ಬೆಳಗಿನ ಲಾರಿಗೆ ಕಾಯುವ ಕಟ್ಟೆಯಲ್ಲಿ ಹಾಲನ್ನು ಕೂರಿಸಲು ಯಾರಿಗೆ ವ್ಯವಧಾನ? ಅತ್ಯಂತ ತಾಜಾ ಹಾಲು ತಂದವರೇ ಹೀಗೆ ಅತಿ ಹೆಚ್ಚು ಸೋಲುತ್ತಾರೆ.

ಇಷ್ಟಾದರೂ ಡಿಗ್ರಿ ಒಂದೇ ದರ ನಿರ್ಧರಿಸುವುದಿಲ್ಲ. ಕೊಬ್ಬನ್ನು ಬೇರೆಯಾಗಿ ಅಳೆಯುವ ದಾರಿ 1890ರ ದಶಕದ ಹೊತ್ತಿಗೆ ಸಿಕ್ಕಿತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬ್ಯಾಬ್‌ಕಾಕ್, ಸ್ವಿಟ್ಜರ್ಲೆಂಡಿನಲ್ಲಿ ಗರ್ಬರ್, ಇಬ್ಬರೂ ಎರಡು ವರ್ಷದ ಅಂತರದಲ್ಲಿ ಗಂಧಕಾಮ್ಲ ಹಾಕಿ ಹಾಲಿನ ಉಳಿದದ್ದನ್ನೆಲ್ಲ ಕರಗಿಸಿ, ಗಿರಗಿರ ತಿರುಗಿಸಿ, ಕೊಬ್ಬನ್ನು ಮಾತ್ರ ಸಣ್ಣ ಕೊಳವೆಯ ಕುತ್ತಿಗೆಗೆ ತಂದು ನಿಲ್ಲಿಸಿದರು. ನಮ್ಮ ಡೈರಿಗಳು ಗರ್ಬರನ ವಿಧಾನ ಹಿಡಿದವು. ಆ ಗಿರಗಿರ ತಿರುಗಿಸುವ ಯಂತ್ರದ ಸದ್ದು, ಆಮ್ಲ ತಾಗಿ ಹಾಲು ಕಂದಾಗಿ ಸೀಸೆ ಕೈ ಸುಡುವಷ್ಟು ಕಾಯುವುದು, ಹಳೆಯ ಟೆಸ್ಟರುಗಳ ಅಂಗಿಯ ಮೇಲಿನ ತೂತುಗಳು, ಇವೆಲ್ಲ ಒಂದು ಕಾಲದ ಗುರುತು.

ಎರಡು ಅಂಕಿ ಕೈಯಲ್ಲಿದ್ದರೆ ಮೂರನೆಯದನ್ನು ಲೆಕ್ಕ ಹಾಕಬಹುದು. ಇಂಗ್ಲೆಂಡಿನ ಡೈರಿ ರಸಾಯನಜ್ಞ ರಿಚ್ಮಂಡ್ ಕೊಟ್ಟ ಸೂತ್ರವನ್ನು ನಮ್ಮಲ್ಲಿ ಹೀಗೆ ಬಳಸುತ್ತಾರೆ: ಸಿಎಲ್‌ಆರ್‌ನ ಕಾಲು ಭಾಗ, ಅದಕ್ಕೆ ಫ್ಯಾಟಿನ ಕಾಲು ಭಾಗ, ಮೇಲೆ 0.44. ಬಂದದ್ದು ಎಸ್‌ಎನ್‌ಎಫ್. ಚಿಕ್ಕವ್ವನ ಹಾಲಿಗೆ ಫ್ಯಾಟ್ 3.8 ಎಂದರೆ, 27ರ ಮೇಲೆ ಲೆಕ್ಕ ಹಾಕಿದರೆ 8.14, ತಿದ್ದಿದ 28.4ರ ಮೇಲೆ ಹಾಕಿದರೆ 8.49. ಬಹಳ ಕಡೆ 8.5ರ ಸುತ್ತಮುತ್ತ ಗೆರೆ ಎಳೆದು, ಅದರಿಂದ ಕೆಳಗಿಳಿದಂತೆ ಲೀಟರಿಗೆ ಇಷ್ಟಿಷ್ಟು ಕಡಿತ ಎನ್ನುವ ಪದ್ಧತಿ ಇದೆ. ಒಂದು ಅಂಕಿ ಗೆರೆಯ ಬುಡದಲ್ಲೇ ಇದೆ, ಇನ್ನೊಂದು ಹೊಂಡದಲ್ಲಿದೆ. ಇನ್ನು ಆ ಕೊನೆಯ 0.44 ಕೂಡ ಎಲ್ಲೆಡೆ ಒಂದೇ ಅಲ್ಲ, ಕೆಲವರು 0.36 ಹಾಕುತ್ತಾರೆ, ಕೆಲವರು 0.72. ಮಾಪಕ ಯಾವ ಉಷ್ಣಾಂಶದ್ದು, ಸೂತ್ರ ಯಾವ ಹಾಲಿನ ಮೇಲೆ ಕಟ್ಟಿದ್ದು ಎಂಬುದರ ಮೇಲೆ ಅದು ಹೋಗುತ್ತದೆ. ಗೋಡೆಯ ಮೇಲೆ ದರಪಟ್ಟಿ ಅಂಟಿಸುವವರು ಈ ಸೂತ್ರವನ್ನೂ ಪಕ್ಕದಲ್ಲೇ ಬರೆದು ಹಾಕಿದರೆ ಕಟ್ಟೆಯ ಅರ್ಧ ಜಗಳ ಕಮ್ಮಿಯಾದೀತು ಎಂದು ನನಗನ್ನಿಸುತ್ತದೆ.

ಕೊಬ್ಬು ಅಳೆಯದೆ ಡಿಗ್ರಿಯೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದು ಈ ಕಥೆಯ ತಮಾಷೆಯ ಭಾಗ. ಮೊದಲು ಹೇಳಿದ 4 ಫ್ಯಾಟಿನ, 30 ಡಿಗ್ರಿಯ ಹಾಲಿನಿಂದ ಕೆನೆಯನ್ನೆಲ್ಲ ತೆಗೆದುಬಿಡಿ. ಹಗುರ ಭಾಗ ಹೋಯಿತು, ಉಳಿದದ್ದು 34.6 ಡಿಗ್ರಿಗೆ ಏರುತ್ತದೆ. ಅಂಥ ನೂರು ಲೀಟರಿಗೆ ಹದಿನೈದು ಲೀಟರ್ ನೀರು ಬೆರೆಸಿದರೆ ಕೊಳವೆ ಮತ್ತೆ 30ಕ್ಕೇ ಬಂದು ನಿಲ್ಲುತ್ತದೆ. ಬೆಣ್ಣೆಯೂ ಮನೆಯಲ್ಲಿ, ಹದಿನೈದು ಲೀಟರ್ ನೀರೂ ಹಾಲಿನ ದರಕ್ಕೆ! ಎರಡು ಕಳ್ಳತನ ಸೇರಿ ಒಂದು ಪ್ರಾಮಾಣಿಕತೆ. ಲ್ಯಾಕ್ಟೋಮೀಟರಿನ ಮೇಲೆ ನೂರೈವತ್ತು ವರ್ಷದಿಂದ ಇರುವ ದೊಡ್ಡ ಆಕ್ಷೇಪ ಇದೇ. ಗರ್ಬರನ ಕೊಳವೆ ಪಕ್ಕದಲ್ಲಿದ್ದರೆ ಈ ಆಟ ನಡೆಯುವುದಿಲ್ಲ.

ಎರಡನೆಯ ಆಟ ಇನ್ನೂ ಸುಲಭ. ನೀರು ಇಳಿಸಿದ ಡಿಗ್ರಿಯನ್ನು ಕರಗುವ ಏನನ್ನಾದರೂ ಹಾಕಿ ಎತ್ತಬಹುದು: ಸಕ್ಕರೆ, ಉಪ್ಪು, ಗ್ಲೂಕೋಸ್, ಮಾಲ್ಟೋಡೆಕ್ಸ್‌ಟ್ರಿನ್, ಯೂರಿಯಾ, ಹಾಲಿನ ಪುಡಿ. ಲೀಟರಿಗೆ ಎರಡು ಚಮಚ ಸಕ್ಕರೆ ಸುಮಾರು ನಾಲ್ಕು ಡಿಗ್ರಿ ಏರಿಸುತ್ತದೆ. ಶೇಕಡಾ ಹತ್ತು ನೀರು ಇಳಿಸುವುದು ಮೂರು. ಇದಕ್ಕೆಂದೇ ಡೈರಿಗಳಲ್ಲಿ ರಾಸಾಯನಿಕ ಪರೀಕ್ಷೆಗಳ ಪೆಟ್ಟಿಗೆ ಇರುತ್ತದೆ. ಪಿಷ್ಟಕ್ಕೆ ಅಯೋಡಿನ್, ನೀಲಿ. ಸಕ್ಕರೆಗೆ ರಿಸಾರ್ಸಿನಾಲ್, ಕೆಂಪು. ಹುಳಿ ಮುಚ್ಚಲು ಸೋಡಾ ಹಾಕಿದ್ದರೆ ರೋಸಾಲಿಕ್ ಆಮ್ಲ, ಗುಲಾಬಿ. ಎಣ್ಣೆ, ಡಿಟರ್ಜೆಂಟು, ಯೂರಿಯಾ ಕಲಸಿ ಮಾಡುವ 'ಸಿಂಥೆಟಿಕ್ ಹಾಲಿ'ನ ಸುದ್ದಿ ಉತ್ತರ ಭಾರತದಿಂದ ಆಗಾಗ ಬರುತ್ತದಲ್ಲ, ಅದನ್ನು ಕಟ್ಟಿರುವುದೇ ಫ್ಯಾಟು, ಡಿಗ್ರಿ ಎರಡೂ ಸರಿಯಾಗಿ ಬರುವಂತೆ. ನಾವು ಯಾವ ಅಂಕಿಗೆ ಹಣ ಕೊಡುತ್ತೇವೆಯೋ ಕಲಬೆರಕೆಯವನು ಆ ಅಂಕಿಯನ್ನೇ ತಯಾರಿಸುತ್ತಾನೆ.

ಕಳ್ಳರ ಮಾತು ಸಾಕು. ಹಸುವಿನ ಕಡೆಯದನ್ನೂ ಕೇಳಬೇಕು, ಯಾಕೆಂದರೆ ಒಂದು ತೊಟ್ಟು ನೀರು ಸೋಕದ ಹಾಲೂ ಡಿಗ್ರಿ ಕಮ್ಮಿ ಕೊಡಬಹುದು. ಕಪ್ಪುಬಿಳುಪು ಎಚ್‌ಎಫ್ ಹಸು ಬಿಂದಿಗೆ ತುಂಬ ಕೊಡುತ್ತದೆ, ಆದರೆ ತೆಳ್ಳಗೆ. ಜೆರ್ಸಿಯದು ಕಮ್ಮಿ, ದಪ್ಪ. ಕರು ಹಾಕಿ ತಿಂಗಳೊಪ್ಪತ್ತಿನಲ್ಲಿ ಹಾಲು ಉಕ್ಕುವ ಕಾಲಕ್ಕೆ ಎಸ್‌ಎನ್‌ಎಫ್ ತಳ ಮುಟ್ಟುತ್ತದೆ. ಬಿಸಿಲಿಗೆ ಏದುಸಿರು ಬಿಡುವ ಹಸು ಮೇವು ಮುಟ್ಟುವುದಿಲ್ಲ. ಬರೀ ಒಣಹುಲ್ಲು ಎಳೆಯುವ ಹಸುವಿಗೆ ಶಕ್ತಿ ಸಾಲದೆ ಹಾಲಿನ ಪ್ರೋಟೀನು ಇಳಿಯುತ್ತದೆ. ಬೂಸಾ ಹಿಂಡಿಯ ರೇಟು ಏರಿದ ತಿಂಗಳೇ ಡಿಗ್ರಿ ಇಳಿಯುವುದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಕೆಚ್ಚಲು ಬಾವು ಬಂದರಂತೂ ಲ್ಯಾಕ್ಟೋಸ್ ಕುಸಿದು ಹಾಲು ಉಪ್ಪುಪ್ಪಾಗುತ್ತದೆ. ಇದಕ್ಕೆ ತದ್ವಿರುದ್ಧ ಗಿಣ್ಣು ಹಾಲು: ಪ್ರೋಟೀನು ತುಂಬಿ ಕೊಳವೆ 40 ದಾಟಿ ಎದ್ದು ನಿಲ್ಲುತ್ತದೆ.

ಕರುವಿನ ಪಾಲಿನಲ್ಲೂ ಒಂದು ಲೆಕ್ಕವಿದೆ. ಕೆಚ್ಚಲಿನ ಮೊದಲ ಧಾರೆಯಲ್ಲಿ ಕೊಬ್ಬು ಬಹಳ ಕಮ್ಮಿ, ಕೊನೆಯ ಧಾರೆಯಲ್ಲಿ ಬಹಳ ಹೆಚ್ಚು. ಕೊನೆಯದನ್ನು ಕರುವಿಗೆ ಬಿಡುವ ಮರುಕದ ಮನೆಯವರ ಹಾಲಿಗೆ ಫ್ಯಾಟ್ ಕಮ್ಮಿ ಬರುತ್ತದೆ, ಡಿಗ್ರಿ ಮಾತ್ರ ಒಂಚೂರು ಏರುತ್ತದೆ. ಎರಡೂ ಅಂಕಿ ಬರೆದ ಚೀಟಿ ಓದಬಲ್ಲವನಿಗೆ ಆ ಮನೆಯ ಕೊಟ್ಟಿಗೆಯಲ್ಲಿ ಕರು ಎಷ್ಟು ಹೊತ್ತು ಕೆಚ್ಚಲಲ್ಲಿತ್ತು ಎಂಬುದೂ ತಿಳಿಯುತ್ತದೆ.

ಕಾನೂನು ಈ ವ್ಯತ್ಯಾಸವನ್ನು ತಡವಾಗಿಯಾದರೂ ಒಪ್ಪಿಕೊಂಡಿತು. ಹಿಂದೆ ಹಲವು ರಾಜ್ಯಗಳಲ್ಲಿ ಹಸುವಿನ ಹಾಲಿಗೆ ಕನಿಷ್ಠ ಕೊಬ್ಬು 3.5, ಎಸ್‌ಎನ್‌ಎಫ್ 8.5 ಎಂದಿತ್ತು. 2017ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಡೀ ದೇಶಕ್ಕೆ 3.2 ಮತ್ತು 8.3 ಎಂದು ತಂದಿತು. ಅದಕ್ಕಿಂತ ಕೆಳಗಿನ ಹಾಲು 'ಕಳಪೆ', ವಿಷವಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಕಳಪೆ ಮತ್ತು ಅಸುರಕ್ಷಿತ ಎಂದು ಎರಡು ಬೇರೆ ಪದ ಬಳಸುತ್ತದೆ. ಮೊದಲನೆಯದಕ್ಕೆ ಐದು ಲಕ್ಷ ರೂಪಾಯಿವರೆಗೆ ದಂಡ, ಎರಡನೆಯದಕ್ಕೆ ಜೈಲು. ಪತ್ರಿಕೆಗಳ ತಲೆಬರಹದಲ್ಲಿ ಈ ಎರಡೂ ಸೇರಿ 'ಕಲಬೆರಕೆ' ಆಗಿಬಿಡುತ್ತವೆ.

ಇದೇ ಪ್ರಾಧಿಕಾರದ 2011ರ ಸಮೀಕ್ಷೆಯಲ್ಲಿ ದೇಶದಾದ್ಯಂತ ಎತ್ತಿದ 1,791 ಮಾದರಿಗಳ ಪೈಕಿ ಶೇಕಡಾ 68.4 ಮಾನದಂಡಕ್ಕೆ ಹೊಂದಲಿಲ್ಲ ಎಂದಾಗ ದೇಶವೇ ಹೌಹಾರಿತು. ಸುಪ್ರೀಂ ಕೋರ್ಟಿನವರೆಗೂ ಮಾತು ಹೋಯಿತು. ಆದರೆ ಹೊಂದದೆ ಹೋದವುಗಳಲ್ಲಿ ಬಹುಪಾಲು ಕೊಬ್ಬು, ಎಸ್‌ಎನ್‌ಎಫ್ ಕಮ್ಮಿಯಾದವು, ಪುಡಿ ಬೆರೆಸಿದವು. 2018ರ ದೊಡ್ಡ ಸಮೀಕ್ಷೆಯಲ್ಲಿ 6,432 ಮಾದರಿ ಪರೀಕ್ಷಿಸಿದಾಗ ಯೂರಿಯಾ, ಡಿಟರ್ಜೆಂಟಿನಂಥ ಅಪಾಯಕರ ಕಲಬೆರಕೆ ಸಿಕ್ಕಿದ್ದು ಬರೀ 12ರಲ್ಲಿ. ಗುಣಮಟ್ಟದ ಅಂಕಿ ತಪ್ಪಿದವು ಮಾತ್ರ ಶೇಕಡಾ 41ರ ಹತ್ತಿರ. ಅದೇ ಸಮೀಕ್ಷೆಯಲ್ಲಿ ಶೇಕಡಾ 5.7 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿತ್ತು. ಬೂಷ್ಟು ಹಿಡಿದ ಹಿಂಡಿ, ಮೇವಿನಿಂದ ಹಸುವಿನ ಹೊಟ್ಟೆ ಸೇರಿ ಹಾಲಿಗೆ ಇಳಿಯುವ ವಿಷ ಅದು. ಅದರ ಪ್ರಮಾಣ ತೂಕವೇ ಇಲ್ಲವೆನ್ನುವಷ್ಟು ಅಲ್ಪ. ಆ ಹಾಲಿನಲ್ಲಿ ಕೊಳವೆ ಬಿಟ್ಟಿದ್ದರೆ ಮೂವತ್ತು ಡಿಗ್ರಿಗೆ ನಿಂತು ನಮಸ್ಕಾರ ಮಾಡುತ್ತಿತ್ತು. ಆಂಟಿಬಯಾಟಿಕ್ ಉಳಿಕೆಯಾಗಲಿ, ಕೊಟ್ಟಿಗೆಯ ಕೊಳೆಯಿಂದ ಬಂದ ಬ್ಯಾಕ್ಟೀರಿಯಾ ಆಗಲಿ ಅದಕ್ಕೆ ಕಾಣುವುದಿಲ್ಲ. ಶುದ್ಧ ಹಾಲು ಎಂದರೆ ನೀರಿಲ್ಲದ ಹಾಲು ಎಂಬ ನಮ್ಮ ಹಳೆಯ ಎಣಿಕೆಗೆ ಈ ಸಮೀಕ್ಷೆಗಳೇ ಉತ್ತರ.

ಹಾಗಾದರೆ ನೀರನ್ನು ನೀರೆಂದೇ ಹಿಡಿಯುವ ದಾರಿ ಇಲ್ಲವೇ? ನೀರು ಹಾಲು ಬೇರೆ ಮಾಡುವ ಹಂಸ ಸಿಗದಿದ್ದರೂ ಕ್ರಯೋಸ್ಕೋಪ್ ಎಂಬ ಯಂತ್ರ ನೂರು ವರ್ಷದಿಂದ ಇದೆ. ಹಸುವಿನ ಹಾಲು ಸೊನ್ನೆಗೆ ಹೆಪ್ಪುಗಟ್ಟುವುದಿಲ್ಲ. ಸೊನ್ನೆಗಿಂತ ಅರ್ಧ ಡಿಗ್ರಿಯಷ್ಟು, ಸುಮಾರು 0.54 ಕೆಳಗೆ ಹೋಗಬೇಕು. ಇದರ ಸೊಗಸು ಇರುವುದು ಕಾರಣದಲ್ಲಿ. ಹಾಲು ಕೆಚ್ಚಲಿನೊಳಗೆ ರಕ್ತದ ಪಕ್ಕದಲ್ಲೇ ತಯಾರಾಗುತ್ತದೆ, ಎರಡರ ಪರಾಸರಣ ಒತ್ತಡ ಸರಿಸಮ ಇರಲೇಬೇಕು. ಬಾವು ಬಂದು ಲ್ಯಾಕ್ಟೋಸ್ ಇಳಿದರೆ ದೇಹ ಆ ಜಾಗಕ್ಕೆ ಉಪ್ಪನ್ನು ತಳ್ಳಿ ಸಮ ಮಾಡುತ್ತದೆ. ಹೀಗಾಗಿ ಹಾಲು ತೆಳ್ಳಗಿರಲಿ ದಪ್ಪಗಿರಲಿ, ಹೆಪ್ಪುಗಟ್ಟುವ ಬಿಂದು ಬಹಳ ಅಲುಗುವುದಿಲ್ಲ. ಹೊರಗಿನಿಂದ ಶೇಕಡಾ ಒಂದು ನೀರು ಬಿದ್ದರೆ ಅದು 0.005ರಷ್ಟು ಮೇಲೇರುತ್ತದೆ, ಯಂತ್ರ ಅಷ್ಟನ್ನು ಹಿಡಿಯುತ್ತದೆ. ಕೊಳವೆಯಿಂದ ನಾವು ಕೇಳುತ್ತ ಬಂದ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ಈ ಯಂತ್ರ. ಇದಕ್ಕೂ ಸಕ್ಕರೆ ಉಪ್ಪಿನ ಕಣ್ಕಟ್ಟು ತಪ್ಪಿದ್ದಲ್ಲ, ಬೆಲೆಯೂ ಊರ ಡೈರಿಗೆ ಎಟುಕುವಂಥದ್ದಲ್ಲ. ಅದರ ಜಾಗ ಪ್ರಯೋಗಾಲಯ. ಆದರೂ ಡಿಗ್ರಿ ಕಮ್ಮಿ ಎಂದು ಯಾರದಾದರೂ ಹಾಲು ನಿಲ್ಲಿಸುವ ಮುಂಚೆ ಮಾದರಿಯೊಂದನ್ನು ಅಲ್ಲಿಗೆ ಕಳಿಸುವುದು ನ್ಯಾಯ.

ಈ ವಿದ್ಯೆಗೂ ಬೆಂಗಳೂರಿಗೂ ಹಳೆಯ ನಂಟಿದೆ. ಕರ್ನಾಲಿನಲ್ಲಿರುವ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆ ಹುಟ್ಟಿದ್ದು 1923ರಲ್ಲಿ ಬೆಂಗಳೂರಿನಲ್ಲಿ. ಕೇಂದ್ರ ಕಚೇರಿ ಉತ್ತರಕ್ಕೆ ಹೋದದ್ದು 1955ರಲ್ಲಿ. ಆಡುಗೋಡಿಯ ಹಸಿರು ಆವರಣ ಅದರ ದಕ್ಷಿಣ ಕೇಂದ್ರವಾಗಿ ಈಗಲೂ ಇದೆ. 1927ರಲ್ಲಿ ಅನಾರೋಗ್ಯದಿಂದ ಸುಧಾರಿಸಿಕೊಳ್ಳಲು ಈ ಕಡೆ ಬಂದಿದ್ದ ಗಾಂಧೀಜಿ ದನ ಸಾಕಣೆಯ ವಿಷಯ ತಿಳಿಯಲು ಅಲ್ಲಿಗೆ ಹೋಗುತ್ತಿದ್ದರು.

ಇನ್ನು ಪಟ್ಟಣದ ಅಡುಗೆಮನೆ. ಪ್ಯಾಕೆಟ್ ಹಾಲಿಗೆ ಮನೆಯ ಕೊಳವೆ ಬಿಟ್ಟು 'ನೋಡಿ, ಎಷ್ಟು ಚೆನ್ನಾಗಿದೆ' ಎಂದವರನ್ನು ಕಂಡಿದ್ದೇನೆ. 3 ಕೊಬ್ಬು, 8.5 ಎಸ್‌ಎನ್‌ಎಫ್ ಇರುವ ಟೋನ್ಡ್ ಹಾಲು ಮೇಲಿನ ಲೆಕ್ಕದಲ್ಲಿ 30.8 ಕೊಡುತ್ತದೆ. ಎಸ್‌ಎನ್‌ಎಫ್ ಇನ್ನೂ ಸ್ವಲ್ಪ ಹೆಚ್ಚಿರುವ, 1.5 ಕೊಬ್ಬಿನ ಡಬಲ್ ಟೋನ್ಡ್ 34 ಕೊಡುತ್ತದೆ. ಅಷ್ಟೇ ಎಸ್‌ಎನ್‌ಎಫ್‌ನ, 6 ಕೊಬ್ಬಿನ ಫುಲ್ ಕ್ರೀಮ್ 30.4. ಎಲ್ಲಕ್ಕಿಂತ ಅಗ್ಗದ ಪ್ಯಾಕೆಟ್ಟೇ ಕೊಳವೆಯ ಕಣ್ಣಿಗೆ ಎಲ್ಲಕ್ಕಿಂತ 'ಗಟ್ಟಿ'! ಪ್ಯಾಕೆಟ್ ಹಾಲಿಗೆ ಈ ಕೊಳವೆಯ ಅಗತ್ಯವಿಲ್ಲ, ಅಂಕಿಗಳು ಮೇಲೆಯೇ ಅಚ್ಚಾಗಿರುತ್ತವೆ. ಕೊಳವೆ ನಿಜಕ್ಕೂ ಕೆಲಸಕ್ಕೆ ಬರುವುದು ಒಬ್ಬರೇ ವರ್ತನೆಯವರಿಂದ, ಒಂದೇ ಕೊಟ್ಟಿಗೆಯ ಹಾಲು ತರಿಸುವ ಮನೆಗೆ. ಹದಿನೈದು ದಿನ ಒಂದೇ ಹೊತ್ತಿಗೆ, ಹಾಲು ಆರಿದ ಮೇಲೆ ಅಳೆದು ಬರೆದಿಡಿ. 28, 28.5, 28, 28 ಎಂದು ಬರುತ್ತಿದ್ದದ್ದು ಹಬ್ಬದ ಹಿಂದಿನ ದಿನ 24ಕ್ಕೆ ಬಿದ್ದರೆ ಆಗ ಕೇಳಿ. ಅದೂ ಮೊದಲ ಪ್ರಶ್ನೆ 'ಹಸು ಹುಷಾರಾಗಿದೆಯಾ?' ಎಂದಿರಲಿ.

ಚಿಕ್ಕವ್ವನ ಊರ ಡೈರಿಯಲ್ಲಿ ಈಗ ಸ್ಟೀಲಿನ ಜಾರೂ ಇಲ್ಲ, ಆಮ್ಲದ ಸೀಸೆಯೂ ಇಲ್ಲ. ಮೇಜಿನ ಮೇಲೊಂದು ಪೆಟ್ಟಿಗೆ, ಅದರಿಂದ ಇಳಿಬಿದ್ದ ಸಣ್ಣ ನಳಿಕೆ. ಲೋಟದಷ್ಟು ಹಾಲು ಹಿಡಿದರೆ ಹೀರಿಕೊಂಡು, ಶ್ರವಣಾತೀತ ಶಬ್ದದ ಅಲೆಯನ್ನು ಹಾಲಿನೊಳಗೆ ಹಾಯಿಸಿ, ಅದು ಎಷ್ಟು ವೇಗವಾಗಿ ಹೋಯಿತು ಎನ್ನುವುದರ ಮೇಲೆ ಫ್ಯಾಟು, ಎಸ್‌ಎನ್‌ಎಫ್ ಹೇಳಿಬಿಡುತ್ತದೆ. ಉಷ್ಣಾಂಶವನ್ನು ತಾನೇ ನೋಡಿಕೊಳ್ಳುತ್ತದೆ. ನಳಿಕೆ ಸರಿಯಾಗಿ ತೊಳೆಯದಿದ್ದರೆ, ಕಾಲಕಾಲಕ್ಕೆ ಗರ್ಬರನ ಪರೀಕ್ಷೆಯ ಜೊತೆ ತಾಳೆ ನೋಡಿ ಸರಿಪಡಿಸದಿದ್ದರೆ ಅದೂ ದಾರಿ ತಪ್ಪುತ್ತದೆ. ಜಗಳ ಮಾಡಲು ಮಾತ್ರ ಎದುರಿಗೆ ಕುಣಿಯುವ ಕೊಳವೆ ಇಲ್ಲ. ಒಂದು ಚೀಟಿ ಬರುತ್ತದೆ: ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ. ನಡುವೆ ಸಿಎಲ್‌ಆರ್ ಎಂದು ಇನ್ನೊಂದು ಕಾಲಂ.

ಯಂತ್ರ ಹಾಲಿನಲ್ಲಿ ಏನನ್ನೂ ತೇಲಿಬಿಟ್ಟಿರುವುದಿಲ್ಲ. ಉಳಿದ ಎರಡು ಅಂಕಿಗಳಿಂದ ಸೂತ್ರವನ್ನು ಹಿಂದುಮುಂದು ಮಾಡಿ ಆ ಡಿಗ್ರಿಯನ್ನು ಲೆಕ್ಕ ಹಾಕಿ ಅಚ್ಚು ಮಾಡುತ್ತದೆ, ಕೇಳುವವರಿದ್ದಾರೆ ಎಂಬ ಕಾರಣಕ್ಕೆ. ಚಿಕ್ಕವ್ವ ಕನ್ನಡಕ ಏರಿಸಿಕೊಂಡು ಚೀಟಿಯಲ್ಲಿ ಮೊದಲು ಹುಡುಕುವುದು ಅದನ್ನೇ. 28.4 ಕಂಡರೆ ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಖಾಲಿ ಕ್ಯಾನು ಎತ್ತಿಕೊಂಡು ಹೊರಡುತ್ತಾಳೆ.